‘ಬಿಡು’ ಅಂದಿದ್ದು ಚೆಂಡನ್ನು

ಬೇಸ್‌ಬಾಲ್ ತಂಡಕ್ಕೆ ಆಯ್ಕೆಯಾದ ಮಕ್ಕಳ ಹೆಸರನ್ನು ಕೋಚ್ ಆಗಿರುವ ಮಗ ಓದಿ ಮುಗಿಸಿದ. ನಾನು ಮೆಚ್ಚಿದ್ದ ಹುಡುಗಿಯ ಹೆಸರೇ ಇಲ್ಲ! ಅವಳು ಅಳುತ್ತಾ ಲಂಡನ್ನಿನ ಹೌನ್ಸ್ಲೋ ಕಡೆಯ ಬಸ್ಸು ಹತ್ತಿದಳು.

"ಅವಳನ್ಯಾಕೋ ತೆಗೆದೆ? ಕಣ್ಣಿದೆಯಾ ನಿನಗೆ?" ಎಲ್ಲರೆದುರೇ ರೇಗಿದೆ.

"ನೀನೇ ತಾನೇ ಅಮ್ಮಾ, ಬಿಡು ಬಿಡು ಅಂದಿದ್ದು?" ಕೇಳಿದ್ದು ಇಂಗ್ಲಿಷಿನಲ್ಲಿ, ‘ಬಿಡು’ ಮಾತ್ರ ಕನ್ನಡ.

ಅಂದಿದ್ದೆ, ನಿಜ. ದೂರ ಹೋಗುವ ಚೆಂಡಿಗೆ ಬ್ಯಾಟ್ ಬೀಸಬೇಡ ಎಂದು, ಕನ್ನಡ ಬಲ್ಲ ಆ ಹುಡುಗಿಗೆ ಕೂಗಿದ್ದು! ಎಷ್ಟು ಚೆನ್ನಾಗಿ ಬಿಟ್ಟಿದ್ದಳು! ಪ್ರತಿ ಭಾನುವಾರ ನನ್ನ ಪಕ್ಕವೇ ಕೂತು ಮಕ್ಕಳ ಆಟ ತೂಗಿ ನೋಡುವವನು, ಅವಳನ್ನು ಕೈಬಿಡು ಎಂದು ತನಗೇ ಹೇಳಿದೆನೆಂದುಕೊಂಡು, ಅಮ್ಮ ಹೇಳಿದ ಮೇಲೆ ಮುಗಿಯಿತು ಎಂದು ಅವಳ ಹೆಸರು ಹೊಡೆದುಹಾಕಿದ್ದ.

ಫೋನ್ ಮಾಡಿ ಕ್ಷಮೆ ಕೇಳಿದರೂ ಹುಡುಗಿ ಮತ್ತೆ ಬರಲಿಲ್ಲ. ಬೈಸಿಕೊಂಡವನು ಮಗ. ಸಿಟ್ಟು ಮಾತ್ರ ನನಗೆ ನನ್ನ ಮೇಲೇ. ಕನ್ನಡ ಕಲಿಸದೆ, ಮೂವತ್ತು ವರ್ಷ ಮನೆಯಲ್ಲಿ ಅವನಿಗೆ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟವಳು ನಾನೇ.