ಒಂಬತ್ತನೆಯ ಸದಸ್ಯೆ

“ಏಳಬ್ಯಾಡ, ಅಲ್ಲೇ ಕೂಡು ಅಂತ ನಾನೇ ಫೋನ್ ಮಾಡಿ ಹೇಳಿದ್ದೆ. ಇಲ್ಲಾಂದ್ರೆ ಆ ಶೌಚಾಲಯ ಎಲ್ಲಿ ಆಗ್ತಿತ್ತು?” ಕೊಟ್ರೇಶಪ್ಪನವರು ಈ ಮಾತನ್ನು ಮದುವೆ ಊಟದ ಪಂಕ್ತಿಯಲ್ಲಿ ಹೇಳುತ್ತಿದ್ದರು. ಚುನಾವಣೆ ಹತ್ತಿರ ಬಂದ ಮೇಲೆ ಮೈಕಿನಲ್ಲೂ ಹೇಳುತ್ತಿದ್ದಾರೆ. ಕೇಳಿದವರು ತಲೆದೂಗುತ್ತಾರೆ. ಈ ಕಥೆಯನ್ನು ಒಪ್ಪಲು ನನಗಿರುವ ತೊಂದರೆ ಒಂದೇ: ಆ ಫೋನು ಅಂದು ನನ್ನಿಂದ ಒಂದು ಮೊಳ ದೂರದಲ್ಲಿತ್ತು.

ಮೂರು ವರ್ಷದ ಹಿಂದೆ ನಾನು ಹರಿಹರದ ಆಚೆಗಿನ ಒಂದು ಸಣ್ಣ ನಗರಸಭೆಯಲ್ಲಿ ದ್ವಿತೀಯ ದರ್ಜೆ ಸಹಾಯಕಿಯಾಗಿದ್ದೆ. ಊರಿನ ಹೆಸರು ಬಿಟ್ಟಿದ್ದೇನೆ, ಜನರ ಹೆಸರು ಬದಲಿಸಿದ್ದೇನೆ. ದಾವಣಗೆರೆಯ ನಿಟ್ಟುವಳ್ಳಿಯ ಮನೆಯಿಂದ ಸ್ಕೂಟರಿನಲ್ಲಿ ಹೊರಟು, ಬಾತಿ ದಾಟಿ, ಹರಿಹರದಲ್ಲಿ ಗಾಡಿ ನಿಲ್ಲಿಸಿ ಬಸ್ಸು ಹಿಡಿಯುವುದು ದಿನದ ಪಾಡು. ಕಾನೂನು ಓದಿದ್ದೆ, ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಬಿಟ್ಟರೆ ಬೇರೆ ಆಟ ಆಡಿದವಳಲ್ಲ. ಕಚೇರಿಯಲ್ಲಿ ಎಲ್ಲರೂ ‘ಲಾಯರಮ್ಮ’ ಎಂದೇ ಕರೆಯುತ್ತಿದ್ದರು. ಅದರಲ್ಲಿ ಪ್ರೀತಿ ಎಷ್ಟು, ಚುಚ್ಚು ಎಷ್ಟು ಎಂದು ಬೇರ್ಪಡಿಸಲು ಹೋಗಲಿಲ್ಲ. ಪರಿಷತ್ ಶಾಖೆ ನನ್ನದು. ಸದಸ್ಯರಿಗೆ ಸಭೆಯ ನೋಟಿಸು ಕಳಿಸುವುದು, ಸಭೆಯಲ್ಲಿ ವಿಷಯ ಓದುವುದು, ಆಮೇಲೆ ನಡಾವಳಿ ಬರೆಯುವುದು. ನಡಾವಳಿ ಎಂದರೆ ಸಭೆ ಏನು ತೀರ್ಮಾನಿಸಿತು ಎಂಬುದರ ಅಧಿಕೃತ ಬರಹ. ಯಾಕೆ ತೀರ್ಮಾನಿಸಿತು ಎಂಬುದಕ್ಕೆ ಅದರಲ್ಲಿ ಜಾಗವಿಲ್ಲ.

ಆ ಮಾರ್ಚ್ ಕೊನೆಯ ವಾರದ ಸಭೆಯಲ್ಲಿ ಇದ್ದ ದೊಡ್ಡ ವಿಷಯ, ತರಕಾರಿ ಮಾರುಕಟ್ಟೆಯಲ್ಲಿ ಹೆಂಗಸರಿಗೊಂದು ಶೌಚಾಲಯ. ಅನುದಾನ ಬಂದಿತ್ತು. ಜಾಗ ಗೊತ್ತುಮಾಡಿ ಸಭೆಯ ನಿರ್ಣಯ ಕಳಿಸುವುದಷ್ಟೇ ಬಾಕಿ. ಆರ್ಥಿಕ ವರ್ಷ ಮುಗಿಯುವುದರೊಳಗೆ ನಿರ್ಣಯ ಹೋಗದಿದ್ದರೆ ಅನುದಾನ ವಾಪಸ್. ಮಾರುಕಟ್ಟೆಯ ಹಿಂದಿನ ಮೂಲೆಯಲ್ಲಿ ನಗರಸಭೆಯದೇ ಖಾಲಿ ಜಾಗವಿತ್ತು. ಆದರೆ ಪಕ್ಕದ ಬೀಜ, ಗೊಬ್ಬರದ ಅಂಗಡಿಗಳ ಲಾರಿಗಳು ಮಾಲು ಇಳಿಸುತ್ತಿದ್ದುದು ಅಲ್ಲೇ. ಶೌಚಾಲಯ ಬೇಡ ಎಂದವರು ಒಬ್ಬರೂ ಇಲ್ಲ. ‘ಬೇಕೇ ಬೇಕು, ಬಸ್‌ಸ್ಟ್ಯಾಂಡ್ ಹತ್ತಿರ ಆಗಲಿ’ ಎಂಬುದು ಅಂಗಡಿಯವರ ವಾದ. ಚರ್ಚೆಯಲ್ಲಿ ಇಂಥ ಎದುರಾಳಿಯೇ ಕಷ್ಟ. ನಿಮ್ಮ ಮಾತನ್ನು ಪೂರ್ತಿ ಒಪ್ಪಿಕೊಂಡೇ ನಿಮ್ಮನ್ನು ಸೋಲಿಸಿಬಿಡುತ್ತಾನೆ.

ಸಭೆಯ ದಿನ ಬೆಳಿಗ್ಗೆ ಸೊಪ್ಪು ಮಾರುವ ಹಾಲಮ್ಮ ನನ್ನ ಮೇಜಿನ ಮುಂದೆ ಬಂದು ನಿಂತರು. ಮಾರುಕಟ್ಟೆಯ ಹೆಂಗಸರ ಪರವಾಗಿ ಅರ್ಜಿ ಕೊಟ್ಟವರು ಅವರೇ.

“ಇವತ್ತು ಆಗತೈತೇನವ್ವ?”

“ಸದಸ್ಯರು ಒಪ್ಪಬೇಕಲ್ಲಮ್ಮ. ಅಂಗಡಿಯವರು ಬಸ್‌ಸ್ಟ್ಯಾಂಡ್ ಹತ್ತಿರ ಅಂತಿದಾರೆ.”

“ಬಸ್‌ಸ್ಟ್ಯಾಂಡಿಗೆ ಹೋಗಿ ಬರೋದ್ರಾಗ ಸೊಪ್ಪು ದನ ತಿಂದಿರತೈತೆ. ಉರಿಮೂತ್ರ ಬಂದು ಎರಡು ಸಲ ಆಸ್ಪತ್ರಿ ಸೇರಿದೀನಿ. ನೀರು ಜಾಸ್ತಿ ಕುಡೀರಿ ಅಂತಾರ ಡಾಕ್ಟ್ರು. ಕುಡದು ಎಲ್ಲಿಗೆ ಹೋಗಬೇಕು ಅಂತ ಮಾತ್ರ ಚೀಟ್ಯಾಗ ಬರದಿಲ್ಲ ನೋಡು.”

ಅವರು ನಕ್ಕರು. ನಾನು ನಗಲಿಲ್ಲ. ಆ ಹೊತ್ತಿಗೆ ಕೊಟ್ರೇಶಪ್ಪನವರು ಮೆಟ್ಟಿಲು ಹತ್ತಿ ಬರುತ್ತಿದ್ದರು.

ಕೊಟ್ರೇಶಪ್ಪನವರನ್ನು ಊರೆಲ್ಲ ‘ಮೆಂಬರ್ರು’ ಎನ್ನುತ್ತಿತ್ತು. ಅವರು ಸದಸ್ಯರಲ್ಲ. ಮಾರುಕಟ್ಟೆಯ ವಾರ್ಡು ಮಹಿಳೆಯರಿಗೆ ಮೀಸಲಾಗಿತ್ತು, ಗೆದ್ದವರು ಅವರ ಹೆಂಡತಿ ಗಿರಿಜಮ್ಮ. ಗೊಬ್ಬರದ ಅಂಗಡಿ ಗಂಡನದು, ವರ್ತಕರ ಸಂಘದಲ್ಲಿ ಮಾತೂ ಗಂಡನದೇ. ಎರಡು ವರ್ಷದ ಸಭೆಗಳಲ್ಲಿ ಗಿರಿಜಮ್ಮನ ಬಾಯಿಂದ ಹಾಜರಿ ಕೂಗಿದಾಗಿನ ಉತ್ತರ ಬಿಟ್ಟು ಬೇರೆ ಮಾತನ್ನು ನಾನು ಕೇಳಿರಲಿಲ್ಲ. ಸದಸ್ಯೆಯರ ಗಂಡಂದಿರು ಸಭಾಂಗಣಕ್ಕೆ ಬರಬಾರದು ಎಂದು ಸುತ್ತೋಲೆ ಇದ್ದುದರಿಂದ ಅವರೆಲ್ಲ ಕೆಳಗೆ ಬೇವಿನ ಮರದಡಿ ನಿಂತು ಫೋನಿನಲ್ಲಿ ಸಭೆ ನಡೆಸುತ್ತಿದ್ದರು.

“ಲಾಯರಮ್ಮ, ಕೋರಂಗೆ ಎಷ್ಟು ಮಂದಿ ಇರಬೇಕು?” ಎಂದು ಕೇಳಿದರು ಕೊಟ್ರೇಶಪ್ಪ.

ಕೋರಂ ಎಂದರೆ ಸಭೆ ನಡೆಯಲು ಇರಲೇಬೇಕಾದ ಸದಸ್ಯರ ಸಂಖ್ಯೆ. ನಮ್ಮಲ್ಲಿ ಅದು ಒಂಬತ್ತು. ಒಬ್ಬರು ಕಡಿಮೆಯಾದರೂ ಅಧ್ಯಕ್ಷರು ಸಭೆಯನ್ನು ಮುಂದೂಡಬೇಕು. ಹೇಳಿದೆ. ಅವರು ಬೆರಳು ಮಡಿಸಿ ಏನನ್ನೋ ಲೆಕ್ಕ ಹಾಕಿಕೊಂಡು ಇಳಿದುಹೋದರು. ಪ್ರಸ್ತಾವವನ್ನು ಸೋಲಿಸಿದರೆ ಹೆಂಗಸರ ಶಾಪ, ಅಂಗೀಕರಿಸಿದರೆ ಅಂಗಡಿಯವರ ಸಿಟ್ಟು. ಸಭೆಯೇ ನಿಂತರೆ ಯಾರ ಮೇಲೂ ತಪ್ಪಿಲ್ಲ. ಉಪಾಯ ಚೆನ್ನಾಗಿತ್ತು, ಅದನ್ನು ಒಪ್ಪಿಕೊಳ್ಳಬೇಕು.

ಸಭೆ ಶುರುವಾಯಿತು. ಫ್ಯಾನುಗಳು ಬಿಸಿಗಾಳಿಯನ್ನೇ ತಿರುಗಿಸುತ್ತಿದ್ದವು. ಗಂಡಸರ ಮುಂದಿನ ನೀರಿನ ಬಾಟಲಿಗಳು ಬೇಗ ಖಾಲಿಯಾದವು. ಮುಂದಿನ ಸಾಲಿನ ಸದಸ್ಯೆಯರ ಬಾಟಲಿಗಳ ಮುಚ್ಚಳ ಹಾಗೇ ಇತ್ತು. ಕಚೇರಿಯಲ್ಲಿ ಹೆಂಗಸರ ಶೌಚಾಲಯ ಎಂಬ ಬೋರ್ಡು ಇತ್ತು, ಒಳಗೆ ಹಳೇ ಕುರ್ಚಿಗಳಿದ್ದವು. ಬೀದಿದೀಪ, ಚರಂಡಿಯ ವಿಷಯಗಳು ಮುಗಿದು ಶೌಚಾಲಯದ ವಿಷಯದ ಸಂಖ್ಯೆ ಕೂಗಿದ ಕೂಡಲೇ ಹಿಂದಿನ ಸಾಲಿನಿಂದ ಒಬ್ಬರು ಎದ್ದರು. “ನೀರಿನ ಟ್ಯಾಂಕರ್ ಬಗ್ಗೆ ಉತ್ತರ ಬಂದಿಲ್ಲ, ಸಭಾತ್ಯಾಗ!” ಎಂದು ಕೂಗಿ ಹೊರಟರು. ಟ್ಯಾಂಕರಿನ ಬಗ್ಗೆ ಅಂದು ಯಾರೂ ಪ್ರಶ್ನೆಯನ್ನೇ ಕೇಳಿರಲಿಲ್ಲ. ಅವರ ಹಿಂದೆ ಇನ್ನೊಬ್ಬರು, ಮತ್ತೊಬ್ಬರು. ಬಾಗಿಲು ಬಡಿದುಕೊಳ್ಳುತ್ತಲೇ ಇತ್ತು.

ಅಧ್ಯಕ್ಷರು ನನ್ನ ಕಡೆ ಬಗ್ಗಿದರು. “ಎಷ್ಟು ಮಂದಿ ಉಳಿದ್ರು?”

“ಒಂಬತ್ತು, ಸರ್.”

ಆಗಲೇ ಗಿರಿಜಮ್ಮನ ಮೇಜಿನ ಮೇಲೆ ಫೋನು ಗುರುಗುಟ್ಟಿತು. ನನ್ನ ಮೇಜು ಅವರ ಮೇಜಿಗೆ ಅಂಟಿಕೊಂಡೇ ಇತ್ತು. ಪರದೆಯ ಮೇಲೆ ‘ಮನೆಯವರು’ ಎಂಬ ಹೆಸರು. ಉಳಿದವರ ಕಣ್ಣೆಲ್ಲ ಅವರ ಮೇಲೆ. ಅವರ ಹಿಂದೆ ಕೂತಿದ್ದ ಇಬ್ಬರು ಗಂಡಸರು ಆಗಲೇ ಅರ್ಧ ಎದ್ದಿದ್ದರು. ಗೊಬ್ಬರದ ಅಂಗಡಿಯ ಉದ್ದರಿ ಇದ್ದವರಿಗೆ ಕೊಟ್ರೇಶಪ್ಪನವರ ಇಷ್ಟಾನಿಷ್ಟ ಸಣ್ಣ ವಿಷಯವಲ್ಲ. ಗಿರಿಜಮ್ಮ ಒಬ್ಬರೇ ಧೈರ್ಯ ಮಾಡಿ ಕೂತರೂ ಪ್ರಯೋಜನವಿರಲಿಲ್ಲ. ಈ ಇಬ್ಬರೂ ಕೂಡಬೇಕಿತ್ತು.

ಗಿರಿಜಮ್ಮನ ಹೆಬ್ಬೆರಳು ಕೆಂಪು ಗುರುತನ್ನು ಒತ್ತಿತು. ಪರದೆ ಕಪ್ಪಾಯಿತು. ಆ ಕಪ್ಪು ಫೋನನ್ನು ಅವರು ನಿಧಾನಕ್ಕೆ ಕಿವಿಗೆ ಹಿಡಿದರು.

“ಹೂಂ, ಹೇಳ್ರೀ... ಹೌದು, ಅದೇ ಬಂದೈತೆ... ಏಳಬ್ಯಾಡೇನು?... ಆತು, ಆತು. ಇವರಿಗೂ ಹೇಳ್ತೀನಿ.” ಹಿಂದಿನವರ ಕಡೆ ತಿರುಗಿದರು. “ಕೂಡ್ರಿ ಅಣ್ಣಾರ. ಎಲ್ರೂ ಕೂಡ್ರಿ ಅಂತದಾರ.”

ಇಬ್ಬರೂ ಕುರ್ಚಿಗೆ ಇಳಿದರು.

ಎರಡನೇ ಸಲ ಫೋನ್ ಮಾಡಿ ಹೇಳಿರಬಹುದಲ್ಲ ಎಂದು ಯಾರಾದರೂ ವಾದಿಸಬಹುದು. ಎರಡನೆಯದನ್ನೂ ಕಂಡಿದ್ದೇನೆ. ಅವರು ಇನ್ನೂ “ಹೂಂ, ಹೂಂ” ಎನ್ನುತ್ತಿರುವಾಗಲೇ, ಕಿವಿಗೆ ಹಿಡಿದ ಆ ಫೋನು ಮತ್ತೆ ಗುರುಗುಟ್ಟಿತು. ಕೆನ್ನೆಯ ಮೇಲೆ ಬೆಳಕು ಬಿತ್ತು. ಮಾತಾಡುತ್ತಿರುವ ಫೋನು ಹೊಸ ಕರೆ ಬಂದಂತೆ ಹೇಗೆ ಗುರುಗುಟ್ಟುತ್ತದೆ ಎಂದು ಯೋಚಿಸಲು ಹಿಂದಿನವರಿಗೆ ಅರೆಗಳಿಗೆ ಸಾಕಿತ್ತು. ಗಿರಿಜಮ್ಮ ನನ್ನನ್ನೇ ನೋಡಿದರು.

ನಾನು ಎದ್ದು ನಿಂತು ಪ್ರಸ್ತಾವವನ್ನು ಓದತೊಡಗಿದೆ. ಓದುವುದು ನನ್ನ ಕೆಲಸ. ಗಂಟಲು ಹರಿಯುವಂತೆ ಓದಬಾರದು ಎಂದು ಯಾವ ನಿಯಮದಲ್ಲೂ ಇಲ್ಲ. “ಯಾಕಮ್ಮ ಕಿರಿಚ್ತಿ, ನಮಗೇನು ಕಿವುಡಾ?” ಎಂದು ಅಧ್ಯಕ್ಷರೇ ಗದರಿದರು. ಅಷ್ಟರಲ್ಲಿ ಫೋನು ಗಿರಿಜಮ್ಮನ ಚೀಲ ಸೇರಿತ್ತು.

“ಎಲ್ಲರ ಒಪ್ಪಿಗೆ ಐತೇನ್ರಿ?” ಅಧ್ಯಕ್ಷರು ಕೇಳಿದರು. ಸದಸ್ಯರು ಮೇಜು ಕುಟ್ಟಿದರು. ಸರ್ವಾನುಮತ ಎಂದು ಬರೆದುಕೊಂಡೆ.

ಬಾಗಿಲು ತಳ್ಳಿಕೊಂಡು ಕೊಟ್ರೇಶಪ್ಪ ಒಳಗೆ ಬಂದಾಗ ಸುತ್ತೋಲೆಯ ನೆನಪು ಯಾರಿಗೂ ಇರಲಿಲ್ಲ. ಕುತ್ತಿಗೆಯ ನರ ಉಬ್ಬಿತ್ತು. “ಏನ್ ಮಾಡಿದ್ಯೇ ನೀನು...” ಎಂದು ಬಾಯಿ ತೆರೆಯುವಷ್ಟರಲ್ಲಿ ಅರ್ಧ ಎದ್ದು ಮತ್ತೆ ಕೂತಿದ್ದ ಇಬ್ಬರಲ್ಲಿ ಒಬ್ಬರು ಬಂದು ಅವರ ಎರಡೂ ಕೈ ಹಿಡಿದುಕೊಂಡರು.

“ಕೊಟ್ರೇಶಣ್ಣ, ದೊಡ್ಡ ಮನಸ್ಸು ಮಾಡಿದ್ರಿ! ನೀವು ಕೂಡ್ರಿ ಅಂದಿದ್ದಕ್ಕೇ ನಾವು ಕುಂತ್ವಿ, ಇಲ್ಲಾಂದ್ರೆ ಎದ್ದೇ ಬಿಡ್ತಿದ್ವಿ.”

ಕೊಟ್ರೇಶಪ್ಪ ಹೆಂಡತಿಯನ್ನು ನೋಡಿದರು. ಗಿರಿಜಮ್ಮ ಚೀಲದ ಜಿಪ್ಪು ಎಳೆಯುತ್ತಿದ್ದರು, ತಲೆ ಎತ್ತಲಿಲ್ಲ. ಆ ಕ್ಷಣ ಕೊಟ್ರೇಶಪ್ಪನವರಿಗಿದ್ದ ಆಯ್ಕೆ ಎರಡೇ: ಹೆಂಡತಿ ತನ್ನ ಮಾತು ಕೇಳಲಿಲ್ಲ ಎಂದು ಸಭೆಯ ಮುಂದೆ ಒಪ್ಪಿಕೊಳ್ಳುವುದು, ಇಲ್ಲವೇ ಆಡದ ಮಾತನ್ನು ತನ್ನದೆನ್ನುವುದು. ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ.

“ಹೌದಪ್ಪ... ಹೆಣ್ಮಕ್ಕಳ ಕೆಲಸ ಅಲ್ಲೇನ್ರಿ,” ಎಂದರು.

ಕೆಳಗೆ ಕಾಯುತ್ತಿದ್ದ ಅಂಗಡಿಯವರ ಹತ್ತಿರ ಮಾತ್ರ ‘ನೆಟ್‌ವರ್ಕ್ ಸಿಗಲಿಲ್ಲ’ ಎಂದರಂತೆ. ಮನೆಯಲ್ಲಿ ಏನಾಯಿತೋ ಗೊತ್ತಿಲ್ಲ. ಮುಂದಿನ ಸಭೆಗೆ ಗಿರಿಜಮ್ಮ ಬರಲಿಲ್ಲ. ಅದರ ಮುಂದಿನ ಸಭೆಗೆ ಬಂದರು. ಶೌಚಾಲಯ ಕಟ್ಟಿದ್ದು ನಿಜ. ಹಾಲಮ್ಮನ ಬುಟ್ಟಿಯ ಪಕ್ಕ ಈಗ ದೊಡ್ಡದೊಂದು ನೀರಿನ ಕ್ಯಾನು ಇರುತ್ತದೆ. ಪಕ್ಕದವರು ಅದರಲ್ಲಿ ನೀರು ಕುಡಿದರೆ ಜಗಳ ತೆಗೆಯುತ್ತಾರೆ.

ನಾನು ಆ ಕೆಲಸ ಬಿಟ್ಟು ದಾವಣಗೆರೆಯಲ್ಲಿ ವಕೀಲಿಕೆ ಶುರುಮಾಡಿದ್ದೇನೆ. ವಾದದಲ್ಲಿ ಗೆದ್ದವರೇ ತೀರ್ಮಾನ ಮಾಡುತ್ತಾರೆ ಎಂದು ನಂಬಿಕೊಂಡು ನಗರಸಭೆಗೆ ಹೋದವಳು ನಾನು. ಅಂದು ಗೆದ್ದ ಹೆಂಗಸು ವಾದವನ್ನೇ ಮಾಡಲಿಲ್ಲ. ತನ್ನ ಮಾತು ನಡೆಯುವುದಿಲ್ಲ ಎಂದು ಗೊತ್ತಿದ್ದ ಕಡೆ, ನಡೆಯುವ ದನಿಯನ್ನು ಕಡ ತಂದರು. ಒಂದು ತೀರ್ಮಾನವನ್ನು ಕೇಳಿದಾಗ ಅದನ್ನು ಮಾಡಿದವರು ಯಾರು ಎಂದು ಬೇರೆಯಾಗಿ, ಅದು ಯಾರ ಹೆಸರಲ್ಲಿ ಚಲಾವಣೆಯಾಯಿತು ಎಂದು ಬೇರೆಯಾಗಿ ವಿಚಾರಿಸಬೇಕು ಎಂಬುದು ಆ ಕೆಲಸ ನನಗೆ ಕಲಿಸಿದ ಪಾಠ. ಆದರೆ ಕಡ ತಂದ ದನಿಯನ್ನು ಅದರ ಒಡೆಯ ಈಗ ಬಡ್ಡಿಸಹಿತ ವಸೂಲು ಮಾಡುತ್ತಿದ್ದಾರೆ. ಈ ಸಲ ಆ ವಾರ್ಡು ಸಾಮಾನ್ಯ ವರ್ಗಕ್ಕೆ ಬಂದಿದೆ. ಕೊಟ್ರೇಶಪ್ಪ ತಾವೇ ನಿಲ್ಲುತ್ತಾರಂತೆ, ಶೌಚಾಲಯ ತಂದ ಮೆಂಬರ್ರು ಎಂದು.

ಹೋದ ತಿಂಗಳು ಎಸ್.ಎಸ್. ಬಡಾವಣೆಯಲ್ಲಿ ಪರಿಚಯದವರ ಮನೆಯ ಗೃಹಪ್ರವೇಶದಲ್ಲಿ ಗಿರಿಜಮ್ಮ ಸಿಕ್ಕರು. ಹೊಸ ಅಡುಗೆಮನೆಯ ಬಣ್ಣದ ವಾಸನೆಯ ನಡುವೆ ನಾವಿಬ್ಬರೇ ಇದ್ದೆವು.

“ಮೇಡಂ, ಅವತ್ತು ನೀವು ಫೋನ್ ಕಟ್ ಮಾಡಿದ್ದನ್ನ ನಾನು ನೋಡಿದ್ದೆ.”

“ನೀ ನೋಡಿದ್ದು ನಂಗೂ ಗೊತ್ತವ್ವ. ಇಲ್ಲಾಂದ್ರೆ ಹಂಗ್ಯಾಕ ಒದರ್ತಿದ್ದಿ?”

“ಇದನ್ನ ಬರೀತೀನಿ.”

“ಬರಿ. ಲಾಯರ್ರು ಬರದಿದ್ದು ಯಾರಿಗೆ ತಿಳೀತೈತೆ!” ನಕ್ಕರು. ಬ್ಯಾಡ ಎನ್ನಲಿಲ್ಲ.

“ಸಾಮಾನ್ಯ ಸೀಟು ಅಂದ್ರೆ ಗಂಡಸರ ಸೀಟು ಅಲ್ಲ ಮೇಡಂ. ಹೆಂಗಸರೂ ನಿಲ್ಲಬಹುದು.”

“ಗೊತ್ತೈತೆ.”

ಹಾಲ್‌ನಿಂದ ಕೊಟ್ರೇಶಪ್ಪನವರ ದನಿ ಬಂತು. “ಹೊರಡಾಣೇನು?” ಗಿರಿಜಮ್ಮ ಸೆರಗು ಸರಿಮಾಡಿಕೊಂಡು ಎದ್ದರು. ಬಾಗಿಲ ತನಕ ಹೋದವರ ಹಿಂದೆಯೇ ಹೋಗಿ ಕೇಳಿದೆ. ಕೊಟ್ರೇಶಪ್ಪನವರಿಗೂ ಕೇಳಿಸಲಿ ಎಂದು ಸ್ವಲ್ಪ ಜೋರಾಗಿಯೇ ಕೇಳಿದೆ:

“ಹಂಗಾದ್ರೆ ಈ ಸಲ ನಾಮಪತ್ರ ಯಾರ ಹೆಸರಲ್ಲಿ, ಮೇಡಂ?”