ಗೌರವ್ವ ಹೇಳಿದ ಹೆಸರು

ಇದು ಹೀಗೆಯೇ ನಡೆಯಿತು ಎಂದು ಆಣೆ ಮಾಡಿ ಹೇಳಲಾರೆ. ನೆನಪು ನಂಬತಕ್ಕ ಸಾಕ್ಷಿಯಲ್ಲ ಎಂದು ಧಾರವಾಡದಲ್ಲಿ ಕಲಿತು, ಅದನ್ನೇ ಜೀವನವಿಡೀ ಹುಡುಗರಿಗೆ ಕಲಿಸಿದವನು ನಾನು. ಹೋದ ತಿಂಗಳು ಹೊಂಬಳದಲ್ಲಿ ಒಂದು ಮದುವೆ. ಹೊಸ ಸೊಸೆಯನ್ನು ಹೊಸ್ತಿಲಲ್ಲಿ ತಡೆದ ಹೆಂಗಸರು "ಒಡಪ ಹೇಳಿ ಒಳಗ ಬಾ" ಎಂದು ಕಾಡುತ್ತಿದ್ದರು. ಗಂಡನ ಹೆಸರನ್ನು ಹಾಗೇ ಬಾಯಿಬಿಟ್ಟು ಹೇಳಬಾರದು, ಪ್ರಾಸ ಕಟ್ಟಿ ಅದರೊಳಗೆ ಸೇರಿಸಿ ಹೇಳಬೇಕು. ನಮ್ಮ ಕಡೆಯ ಈ ಆಟ ನಿಮಗೂ ಗೊತ್ತಿರಬಹುದು. ಎಲ್ಲರೂ ನಗುತ್ತಿರುವಾಗ ನಾನು ಚಹಾದ ಬಸಿಯನ್ನು ಕುಡಿಯದೆ ಕೆಳಗಿಟ್ಟೆ. ಪಕ್ಕದಲ್ಲಿ ಕೂತವರು "ಸಕ್ಕರಿ ಕಾಯಿಲೆ ಐತೇನ್ರಿ ಸರ?" ಎಂದರು. ಹೌದೆಂದೆ. ನಿಜ ಹೇಳುವುದಕ್ಕಿಂತ ಅದು ಸುಲಭವಾಗಿತ್ತು.

ಸ್ವಾತಂತ್ರ್ಯ ಬಂದ ಮರುವರ್ಷದ ಬೇಸಿಗೆ. ನಾನು ಕಾಲೇಜಿನ ರಜೆಗೆ ಲಕ್ಷ್ಮೇಶ್ವರದ ಮನೆಗೆ ಬಂದಿದ್ದೆ. ತಲೆಯ ತುಂಬ ಇಂಗ್ಲಿಷ್ ಪುಸ್ತಕ, ಕಾಲಲ್ಲಿ ಹೊಸ ಬೂಟು. ಆಚೆ ನಿಜಾಮನ ಸೀಮೆಯಲ್ಲಿ ರಜಾಕಾರರ ಹಾವಳಿ ಎದ್ದು, ಅಲ್ಲಿಯ ಜನ ಗಡಿ ದಾಟಿ ಮುಂಡರಗಿಗೆ ಬಂದು ಬೀಳುತ್ತಿದ್ದರು. ಮುಂಡರಗಿಯ ಬಾವಿಗಳ ನೀರು ತಳ ಕಂಡಿತು. ಆಗ ಸುತ್ತಲಿನ ಊರಿನ ಹಿರಿಯರು ಸೇರಿ, ಬಂದವರನ್ನು ಪಾಲು ಮಾಡಿಕೊಳ್ಳೋಣ ಎಂದು ಮಾತಾಡಿದರು. ಅರಳೆ ವ್ಯಾಪಾರ ಮಾಡುತ್ತಿದ್ದ ನನ್ನ ಕಾಕಾ ನಮ್ಮೂರ ಪರವಾಗಿ ಹೋದ. ನಾನೂ ಅವನ ಜೊತೆ ಹೋದೆ.

"ನಿನ್ನಿತನಾ ನೀವು ಮಿರಜದವ್ರು, ಶಿರಹಟ್ಟಿಯವ್ರು ಸಾಂಗಲಿಯವ್ರು. ನಮ್ಮ ಜಕಾತಿ ಕಟ್ಟಿಗೆ ರೊಕ್ಕಾ ಕಟ್ಟಿ ಬರ್ತಿದ್ರಿ. ಇವತ್ತ ನಮ್ಮವ್ರ ಆದ್ರೇನು?" ಎಂದು ಮುಂಡರಗಿಯ ಹಿರಿಯನೊಬ್ಬ ಚುಚ್ಚಿದ.

"ಆದಿವ್ರೀಪಾ. ಅದಕ್ಕ ಚಕ್ಕಡಿ ಹೂಡ್ಕೊಂಡ ಬಂದೀವಿ," ಎಂದ ಕಾಕಾ.

ನಮ್ಮೂರು ಮಿರಜ ಸಂಸ್ಥಾನಕ್ಕೆ, ಶಿರಹಟ್ಟಿ ಸಾಂಗಲಿಗೆ ಸೇರಿದ್ದವು; ಆ ಸಂಸ್ಥಾನಗಳು ಮುಳುಗಿ ಆಗಿನ್ನೂ ಕೆಲವೇ ತಿಂಗಳು. ಬೇರೆ ಬೇರೆ ರಾಜರ ಪ್ರಜೆಗಳಾಗಿದ್ದವರು ಒಂದೇ ಜಮಖಾನೆಯ ಮೇಲೆ ಕೂತು ಬೇರೆಯವರ ಕಷ್ಟ ಹಂಚಿಕೊಳ್ಳುವುದನ್ನು ನೋಡಿ ನನ್ನಂಥ ಅನುಮಾನದ ಪ್ರಾಣಿಗೂ ಕಣ್ಣು ಒದ್ದೆಯಾಯಿತು. ಆದದ್ದು ಹೌದೋ, ಇಲ್ಲಾ ಅದನ್ನು ಆಮೇಲೆ ಸೇರಿಸಿಕೊಂಡೆನೋ.

ನಮ್ಮವರಿಗೆ ಬಂದವರನ್ನು ಕರೆದೊಯ್ಯುವ ಒಂದೇ ರೀತಿ ಗೊತ್ತಿತ್ತು: ಬೀಗರನ್ನು ಕರೆದೊಯ್ಯುವ ರೀತಿ. ಹೆಂಗಸರು ಮಕ್ಕಳಿಗೆ ಕಮಾನು ಕಟ್ಟಿದ ಚಕ್ಕಡಿ, ಗಂಡಸರಿಗೆ ತೆರೆದ ಚಕ್ಕಡಿ. ಮರ್ಯಾದೆಯಲ್ಲಿ ಯಾವ ಕೊರತೆಯೂ ಆಗಲಿಲ್ಲ. ಆದರೆ ಕಮಾನಿನ ಚಕ್ಕಡಿ ತಂದವರು ನಾವು, ತೆರೆದ ಚಕ್ಕಡಿ ತಂದವರು ಶಿರಹಟ್ಟಿಯವರು. ಡೋಣಿ ಎಂಬ ಊರು ದಾಟಿದ ಮೇಲೆ ಅವರವರ ಎತ್ತು ಅವರವರ ಊರಿನ ದಾರಿ ಹಿಡಿದವು. ಮದುವೆಯ ದಿಬ್ಬಣದಲ್ಲಿ ಆಗುವಂತೆ ಗಂಡಸರು ಹಿಂದಿನಿಂದ ಬರುತ್ತಿದ್ದಾರೆಂದು ಹೆಂಗಸರು ತಿಳಿದರು. ನಾವು ಚಕ್ಕಡಿಗಳನ್ನು ಹಂಚಿಕೊಂಡಿದ್ದೆವು, ಸಂಸಾರಗಳನ್ನು ಒಡೆದಿದ್ದೆವು.

ಇದು ನಮಗೆ ತಿಳಿದದ್ದು ಲಕ್ಷ್ಮೇಶ್ವರದ ನಮ್ಮ ಅಂಗಳದಲ್ಲಿ, ಮರುದಿನ ಬೆಳಿಗ್ಗೆ. ಗಂಡಂದಿರನ್ನು ಹುಡುಕಿಸಬೇಕೆಂದರೆ ಹೆಸರು ಬೇಕು. ಕಾಕಾ ಕೇಳಿದ. ಒಬ್ಬಳೂ ತುಟಿ ಬಿಚ್ಚಲಿಲ್ಲ. ಹೆಸರೆತ್ತಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಂಬಿದವರು, ಅದೂ ಗಂಡ ಎಲ್ಲಿದ್ದಾನೆಂದೇ ಗೊತ್ತಿಲ್ಲದ ಹೊತ್ತಿನಲ್ಲಿ, ಹೇಗೆ ಹೇಳಿಯಾರು? ಕೊನೆಗೆ ನನ್ನ ಅವ್ವ ಬಂದು ನಡುವೆ ಕೂತಳು. "ಒಡಪ ಹಾಕಿ ಹೇಳ್ರೆವಾ. ಯಾರ ನಗೂದಿಲ್ಲ."

ಒಬ್ಬಳು ಗೋಡೆಯ ಕಡೆ ಮುಖ ಮಾಡಿ ಶುರುಮಾಡಿದಳು:

"ಕರಿ ಹೊಲದಾಗ ಬಿಳಿ ಜ್ವಾಳ ಬೆಳದೈತಿ ಆಳೆತ್ತರ,
ಬಸಪ್ಪನವರು ಎಲ್ಲಿದ್ರೂ ನನ್ನ ಮನಸಿಗೆ ಹತ್ತರ."

ಒಬ್ಬೊಬ್ಬಳೂ ಹೇಳಿದಳು. ಹಬ್ಬದ ಪ್ರಾಸಗಳು, ಕಳೆದುಹೋದ ಗಂಡಂದಿರಿಗಾಗಿ. ನಾನು ಬರೆದುಕೊಳ್ಳುತ್ತ ನಿಂತಿದ್ದೆ.

ಮೂಲೆಯಲ್ಲಿದ್ದ ಗೌರವ್ವ ಎಂಬವಳು ಎದ್ದು ನಿಂತಳು. ಕುಕನೂರ ಕಡೆಯವಳು. ಅವಳ ನಾಲ್ಕು ವರ್ಷದ ಮಗಳು ಅಪ್ಪನ ಹೆಗಲ ಮೇಲೆ ನಿದ್ದೆ ಹೋಗಿದ್ದರಿಂದ, ಎಬ್ಬಿಸುವುದು ಬೇಡವೆಂದು ಯಾರೋ ಅಪ್ಪನ ಚಕ್ಕಡಿಗೇ ಹತ್ತಿಸಿದ್ದರು. "ಕೂಸಿಗೆ ಜ್ವರಾ ಐತಿ. ನನಗ ಒಡಪ ಗಿಡಪ ಬರೂದಿಲ್ಲ," ಎಂದಳು. ಆಮೇಲೆ ನನ್ನ ಮುಖ ನೋಡಿ, ಜೋರಾಗಿ: "ಈರಪ್ಪ. ಅವನ ಹೆಸರು ಈರಪ್ಪ."

ಪಕ್ಕದಲ್ಲಿದ್ದವಳು ಸೆರಗು ಎಳೆದುಕೊಂಡು ದೂರ ಸರಿದಳು. ಅವ್ವನ ಕೈ ತನ್ನ ತಾಳಿಗೆ ಹೋಯಿತು. ಅವಳ ಗಂಡನಿಗೆ ಏನಾದರೂ ಆದೀತೆಂದು ನಾನೂ ಹೆದರಿದೆ. ಇಂಗ್ಲಿಷ್ ಪುಸ್ತಕಗಳು ಆ ಗಳಿಗೆಯಲ್ಲಿ ಯಾವ ಉಪಯೋಗಕ್ಕೂ ಬರಲಿಲ್ಲ.

ಸೈಕಲ್ ಹತ್ತಿ ಶಿರಹಟ್ಟಿಗೆ ಹೋದೆ. "ನಮ್ಮ ಪಾಲು ತುಂಬಿತ್ರಿ. ಉಳದವ್ರನ್ನ ಗದಗಿಗೆ ಕಳಿಸಿದ್ವಿ," ಎಂದರು. ಮತ್ತೆ ಪೆಡಲು ತುಳಿದೆ. ಗದಗಿಗೆ ಅಂಟಿಕೊಂಡ ಬೆಟಗೇರಿಯಲ್ಲಿ, ಹತ್ತಿಯ ಬೀಜ ಬಿಡಿಸುವ ಒಂದು ಗಿರಣಿಯ ಬಯಲಲ್ಲಿ ನಿಂತು "ಈರಪ್ಪಾ" ಎಂದು ಕೂಗಿದೆ. ಮಡಿಲಲ್ಲಿ ಮಗು ಮಲಗಿಸಿಕೊಂಡಿದ್ದ ಒಬ್ಬ ತಲೆ ಎತ್ತಿದ.

"ನನ್ನ ಹೆಸರ ನಿಮಗ್ಯಾರ್ರಿ ಹೇಳಿದ್ರು?"

"ನಿನ್ನ ಹೆಂಡತಿ."

"ಆಕಿ ಹೇಳಿದ್ಲಾ? ಹಂಗಾರ ನಾ ಸತ್ತೀನಂತ ತಿಳದಾಳ್ರಿ."

ಇಷ್ಟು ನನ್ನ ನೆನಪು. ಇದರಲ್ಲಿ ಎಷ್ಟು ಖರೆ? ಅವ್ವ ಸಾಯುವತನಕ "ಯಾವ ಗರತಿ ಹಂಗ ಹೇಳ್ಯಾಳು? ನೀ ಕಟ್ಟಿದ ಕತಿ," ಎನ್ನುತ್ತಿದ್ದಳು. ಕತೆ ಎಂದೇ ಒಪ್ಪಿಕೊಂಡು ಆರಾಮಾಗಿದ್ದೆ. ಸುಳ್ಳಾದರೆ, ಉಪಕಾರ ಮಾಡಲು ಹೊರಟ ನಾವು ಒಬ್ಬ ಹೆಂಗಸಿನಿಂದ ಏನನ್ನು ಕಿತ್ತುಕೊಂಡೆವು ಎಂದು ಯೋಚಿಸಬೇಕಾಗಿರಲಿಲ್ಲ.

ಹೋದ ತಿಂಗಳು ಆ ಮದುವೆ ಮುಗಿದ ಮೇಲೆ ಹೊಂಬಳದಿಂದ ಮನೆಗೆ ಹೋಗಲಿಲ್ಲ. ಬೆಟಗೇರಿಗೆ ಹೋಗಿ ನೇಕಾರರ ಓಣಿಗಳಲ್ಲಿ ಎರಡು ದಿನ ವಿಚಾರಿಸಿದೆ. ಈರಪ್ಪ ಅಲ್ಲಿಯೇ ಮಗ್ಗದ ಕೆಲಸ ಕಲಿತು ಉಳಿದುಬಿಟ್ಟಿದ್ದ. ಹಲ್ಲು ಹೋಗಿತ್ತು, ಕಿವಿ ಮಂದವಾಗಿತ್ತು. ನಾನು ಕೇಳಿದ್ದಕ್ಕೆ ಉತ್ತರ ಕೊಡದೆ ಒಳಗೆ ಕೂಗಿದ: "ಏ, ಈ ಸರ ಕೇಳಾಕತ್ತಾರ. ಅವತ್ತ ಖರೇನ ಹೆಸರ ಹೇಳಿದ್ದೇನು?"

ಒಲೆಯ ಮುಂದಿನಿಂದ ಮುದುಕಿಯ ದನಿ ಬಂತು.

"ಹೇಳಿದ್ನಿ. ಕೂಸು ಸಿಕ್ಕಿತಲ್ಲ."