ಸೂಗಪ್ಪನವರು ಹಾಕದ ಸಹಿ

ಸೂಗಪ್ಪನವರ ಮೂಗಿನ ಬಗ್ಗೆ ಅಬಕಾರಿ ಇಲಾಖೆಯಲ್ಲಿ ಒಂದು ಮಾತಿತ್ತು. ಚೀಲ ಬಿಚ್ಚುವ ಮೊದಲೇ ಒಳಗಿನ ಗಾಂಜಾ ಯಾವ ವರ್ಷದ್ದು, ಯಾವ ಸೀಮೆಯದು ಎಂದು ಹೇಳಿಬಿಡುತ್ತಾರೆ ಎನ್ನುತ್ತಿದ್ದರು. ಅದರಲ್ಲಿ ಸ್ವಲ್ಪ ಉತ್ಪ್ರೇಕ್ಷೆಯಿತ್ತು. ವರ್ಷ ಸರಿಯಾಗಿ ಹೇಳುತ್ತಿದ್ದರು, ಸೀಮೆ ಹೇಳುವಾಗ ಆಗೀಗ ತಪ್ಪುತ್ತಿದ್ದರು. ಅಂಥ ಮೂಗಿನ ಮನುಷ್ಯ ಜೀವಮಾನದಲ್ಲಿ ಒಂದು ಬೀಡಿಯನ್ನೂ ತುಟಿಗಿಟ್ಟವರಲ್ಲ.

ರಾಯಚೂರು ಸೀಮೆಯವರು. ರಾಯಚೂರು, ಹೈದರಾಬಾದ್ ಎರಡೂ ಒಂದೇ ರಾಜ್ಯದಲ್ಲಿದ್ದ ಐವತ್ತೊಂದರಲ್ಲಿ ಉರ್ದು ಬರುತ್ತದೆಂಬ ಒಂದೇ ಬಲದ ಮೇಲೆ ಹೈದರಾಬಾದಿನ ಕಚೇರಿಯಲ್ಲಿ ಕಾರಕೂನರಾಗಿ ಸೇರಿದರು. ಐವತ್ತಾರರಲ್ಲಿ ರಾಜ್ಯ ಹಂಚಿಹೋದಾಗ ಜೊತೆಯ ಕನ್ನಡದವರೆಲ್ಲ ಕನ್ನಡ ರಾಜ್ಯದ ಕಡೆಗೆ ಬರೆದುಕೊಟ್ಟು ಹೋದರು. ಸೂಗಪ್ಪನವರು ಮಾತ್ರ ಹೋಗುವುದೋ ಬಿಡುವುದೋ ಎಂದು ಯೋಚಿಸುತ್ತಿರುವಾಗಲೇ ಅರ್ಜಿಯ ಗಡುವು ಮುಗಿದುಹೋಯಿತು. ಹೆಂಡತಿ ಶಿವದೇವಿ ಇದನ್ನು ಎಲ್ಲರ ಮುಂದೆಯೂ ಹೇಳಿ ನಗುತ್ತಿದ್ದಳು.

ಆಗ ಗಾಂಜಾ ಮಾರಲು ಸರ್ಕಾರವೇ ಪರವಾನಗಿ ಕೊಡುತ್ತಿತ್ತು. ಬಡ್ತಿ ಸಿಕ್ಕಿ ಇನ್ಸ್‌ಪೆಕ್ಟರ್ ಆದ ಮೇಲೆ ಸೂಗಪ್ಪನವರ ಕೆಲಸ ಅಂಗಡಿಗಳ ತಕ್ಕಡಿ ನೋಡುವುದು, ದಾಸ್ತಾನು ನೋಡುವುದು, ರುಜು ಹಾಕುವುದು. ಹಳೆ ಊರಿನ ಒಂದು ಗಲ್ಲಿಯಲ್ಲಿ ಶಾರದಾಬಾಯಿ ಎಂಬ ವಿಧವೆಯ ಅಂಗಡಿಯಿತ್ತು. ಬೀದರ್ ಕಡೆಯವಳು. ಗಂಡ ತೀರಿಕೊಂಡಾಗ ಪರವಾನಗಿಯನ್ನು ಅವಳ ಹೆಸರಿಗೆ ಬದಲಾಯಿಸಿ ಬರೆದವರು ಸೂಗಪ್ಪನವರೇ. ಹದಿನೆಂಟು ವರ್ಷ ತಿಂಗಳಿಗೊಮ್ಮೆ ಹೋದರು. ಅವಳ ತಕ್ಕಡಿ ಒಂದು ದಿನವೂ ಸುಳ್ಳು ಹೇಳಲಿಲ್ಲ. ಹೋದಾಗೆಲ್ಲ ಕನ್ನಡದಲ್ಲಿ ನಾಲ್ಕು ಮಾತು ಆಡುತ್ತಿದ್ದಳು. ಆ ಗಲ್ಲಿಯಲ್ಲಿ ಕನ್ನಡ ಕೇಳಿಸುತ್ತಿದ್ದದ್ದು ಆ ಅರ್ಧ ಗಂಟೆ ಮಾತ್ರ.

ಎಂಬತ್ತೈದರಲ್ಲಿ ದಿಲ್ಲಿಯಿಂದ ಹೊಸ ಕಾನೂನು ಬಂತು. ಅಂಗಡಿಗಳಿಗೆ ಬೀಗ ಹಾಕುವ ಹುಕುಂ ಸೂಗಪ್ಪನವರ ಕೈಗೇ ಬಂತು. ಅರಗು ಕರಗಿಸಿ ಮುದ್ರೆ ಒತ್ತುವಾಗ ಶಾರದಾಬಾಯಿ ಬಾಗಿಲ ಪಕ್ಕದಲ್ಲಿ ನಿಂತಿದ್ದಳು.

"ಸಾಬ್ರ, ನಿನ್ನಿ ಮಟ ಇದು ಧಂದಾ ಇತ್ತು. ಇವತ್ತ ಗುನ್ಹಾ ಆತೇನ್ರಿ?"

"ಕಾನೂನ ಬದ್ಲಾತು ತಾಯಿ."

"ಗಿಡಾ ಬದ್ಲಾಗಿಲ್ಲಲ್ಲ?"

ಸೂಗಪ್ಪನವರು ಆದೇಶದ ಪ್ರತಿಯನ್ನು ಇನ್ನೊಮ್ಮೆ ಓದಿದರು, ಅದರಲ್ಲಿ ಉತ್ತರವಿದ್ದೀತು ಎಂಬಂತೆ.

ಎರಡು ವರ್ಷದ ಮೇಲೆ ಬೇರೆ ಅಧಿಕಾರಿಗಳು ಅವಳ ಮನೆ ಶೋಧಿಸಿದಾಗ ಜಂತಿಯ ಮೇಲೆ ಹಳೆಯ ತಗಡಿನ ಡಬ್ಬಿಯೊಂದು ಸಿಕ್ಕಿತು. ಅದರ ತಳದಲ್ಲಿ ಒಂದಿಷ್ಟು ಸೊಪ್ಪು. ಮೊದಲಿನಿಂದ ಬರುತ್ತಿದ್ದ ಒಬ್ಬಿಬ್ಬರು ಮುದಿ ಬೈರಾಗಿಗಳಿಗೆ ಚಿಟಿಕೆ ಚಿಟಿಕೆ ಕೊಡುತ್ತಿದ್ದಳಂತೆ. ಮೊಕದ್ದಮೆಯಾಯಿತು. ಅವಳ ವಕೀಲರು ಒಂದು ಸೂಕ್ಷ್ಮ ಹಿಡಿದರು. ಕಾನೂನಿನ ಪ್ರಕಾರ ಗಾಂಜಾ ಎಂದರೆ ಗಿಡದ ಹೂತುದಿ. ಬರೀ ಎಲೆಯಾದರೆ ಗಾಂಜಾ ಅಲ್ಲ. ಡಬ್ಬಿಯಲ್ಲಿರುವುದು ಎಲೆ ಎಂದರು ಅವರು. ಅದು ಹೂವೋ ಎಲೆಯೋ ಹೇಳಲು ಇಲಾಖೆಯ ಹಳೆಯ ತಲೆಯೆಂದು ಸೂಗಪ್ಪನವರನ್ನು ಸಾಕ್ಷಿಕಟ್ಟೆಗೆ ಕರೆದರು.

ಪೊಟ್ಟಣ ಬಿಚ್ಚಿ ಮುಂದಿಟ್ಟರು. ಪುಡಿಯಾದ ಎಲೆ. ನಡುವೆ ಹೆಬ್ಬೆರಳ ಗಾತ್ರದ ಎರಡು ಮೂರು ಒಣ ಹೂಗೊಂಚಲು. ಅವರು ಮೂಸಿ ನೋಡಲೂ ಇಲ್ಲ, ಕಣ್ಣಿಗೇ ಕಾಣುತ್ತಿತ್ತು. ಎದುರಿಗೆ ಶಾರದಾಬಾಯಿ ಸೆರಗು ಹೊದ್ದು ನಿಂತಿದ್ದಳು. ಎಲೆ ಎಂದಿದ್ದರೆ ಬಹುಶಃ ಅವಳನ್ನು ಬಿಟ್ಟುಬಿಡುತ್ತಿದ್ದರು.

"ಹೂವೂ ಅದಾವ" ಎಂದುಬಿಟ್ಟರು. ಬಾಯಿಗೆ ಬಂದದ್ದು ಕನ್ನಡ. ನ್ಯಾಯಾಧೀಶರು ತಲೆಯೆತ್ತಿ ನೋಡಿದಾಗ ಅದನ್ನೇ ತೆಲುಗಿನಲ್ಲಿ ಹೇಳಿದರು. ಅವಳಿಗೆ ಮಾತ್ರ ಎರಡು ಸಲ ತಿಳಿಯಿತು.

ಆರು ತಿಂಗಳ ಸಜೆಯಾಯಿತು.

ಮಾರನೆಯ ವರ್ಷ ಸೂಗಪ್ಪನವರು ನಿವೃತ್ತರಾಗಿ, ಮಗಳು ಉಷಾ ಇದ್ದ, ಊರಂಚಿನ ಕುಷಾಯಿಗೂಡಕ್ಕೆ ಬಂದರು. ಉಷಾ ಅಲ್ಲಿನ ದೊಡ್ಡ ಕಾರ್ಖಾನೆಯಲ್ಲಿ ಬೆರಳಚ್ಚಿನ ಕೆಲಸದಲ್ಲಿದ್ದಳು. ಆ ಬಡಾವಣೆಯಲ್ಲಿ ಕನ್ನಡದವರ ನಲವತ್ತು ಮನೆಗಳಿದ್ದವು. ತಿಂಗಳ ಎರಡನೆಯ ಭಾನುವಾರ ಬೆಳಗ್ಗೆ ಎಲ್ಲರೂ ಸೇರಿ, ಉಪ್ಪಿಟ್ಟು ತಿಂದು, ಯಾವುದಾದರೊಂದು ವಿಷಯದ ಮೇಲೆ ಚರ್ಚೆ ನಡೆಸುವ ಪದ್ಧತಿಯಿತ್ತು. ಕಾರ್ಯದರ್ಶಿ ಹಣಮಂತರಾಯರು ಅದೇ ಕಾರ್ಖಾನೆಯ ಎಂಜಿನಿಯರು.

ಎಂಬತ್ತೊಂಬತ್ತರ ಬೇಸಿಗೆ. ಮಾದಕ ವಸ್ತು ಸಾಗಿಸಿ ಎರಡನೆಯ ಸಲ ಸಿಕ್ಕಿಬಿದ್ದವರಿಗೆ ಗಲ್ಲು ಎಂದು ಸಂಸತ್ತು ಕಾನೂನನ್ನು ಬಿಗಿ ಮಾಡಿತ್ತು. ಎಲ್ಲ ಪತ್ರಿಕೆಗಳಲ್ಲೂ ಅದೇ. ಚುನಾವಣೆಯ ಗಾಳಿ ಬೇರೆ ಬೀಸತೊಡಗಿತ್ತು. ಮೊದಲನೆಯ ತಪ್ಪಿಗೇ ಗಲ್ಲಾಗಬೇಕು ಎಂಬ ಗೊತ್ತುವಳಿ ಮಾಡಿ ಕ್ಷೇತ್ರದ ಸಂಸದರಿಗೆ ಕಳಿಸೋಣ ಎಂದು ಹಣಮಂತರಾಯರು ಹೊರಟರು. ಆ ದಿನದ ಸಭೆಗೆ ಸೂಗಪ್ಪನವರೇ ಅಧ್ಯಕ್ಷರು. "ಇಡೀ ಜೀವಮಾನ ಮಾದಕ ವಸ್ತುವಿನ ವಿರುದ್ಧ ಹೋರಾಡಿದವರು" ಎಂದು ಪರಿಚಯಿಸಿದಾಗ ಸೂಗಪ್ಪನವರು ಕುರ್ಚಿಯಲ್ಲಿ ಮಿಸುಕಾಡಿದರು. ಮೂವತ್ತೇಳು ವರ್ಷದ ನೌಕರಿಯಲ್ಲಿ ಮೂವತ್ತನಾಲ್ಕು ವರ್ಷ ಅವರು ಮಾರಾಟದ ಲೆಕ್ಕ ಬರೆದು ರುಜು ಹಾಕಿದ್ದರು.

ನರಸಿಂಹ ಎಂಬ ಬ್ಯಾಂಕಿನ ಅಧಿಕಾರಿ ಎದ್ದು ವಿರೋಧಿಸಿದರು. "ಗಲ್ಲಿಗೆ ಹಾಕಿದ್ರ ಸಣ್ಣವ್ರು ಸಾಯ್ತಾರ, ದೊಡ್ಡವ್ರು ಉಳೀತಾರ. ಮೊದ್ಲು ಸರ್ಕಾರನೇ ಮಾರತಿತ್ತಲ್ರಿ, ಹಂಗ ಮತ್ತ ಲೈಸೆನ್ಸ್ ಕೊಡ್ರಿ. ಯಾರಿಗೆ ಎಷ್ಟು ಅಂತ ಲೆಕ್ಕನಾದ್ರೂ ಸಿಗತೈತಿ."

ಸೂಗಪ್ಪನವರು ತಲೆಯಾಡಿಸಿದರು. ಅದು ನಿಜ ಅನ್ನಿಸಿತು.

ಹಿಂದಿನ ಸಾಲಿನಿಂದ ಕಮಲಾಕ್ಷಿ ಎದ್ದಳು. ಪಕ್ಕದ ಬೀದಿಯ ಶಾಲೆಯ ಶಿಕ್ಷಕಿ. ಅವಳ ತಮ್ಮ ರಾಮದಾಸ ಲೇತ್ ಕೆಲಸಗಾರ. ಹೋದ ವರ್ಷ ಬ್ರೌನ್ ಶುಗರ್ ಎಂಬ ಪುಡಿಯ ಚಟಕ್ಕೆ ಬಿದ್ದು, ಮನೆಯ ಹಿತ್ತಾಳೆ ಕೊಡಗಳನ್ನೆಲ್ಲ ಮಾರಿ, ಮೂವತ್ತು ತುಂಬುವುದರೊಳಗೆ ಸತ್ತಿದ್ದ.

"ನರಸಿಂಹ ಅವರ, ನನ್ನ ತಮ್ಮಗೂ ಲೈಸೆನ್ಸ್ ಕೊಡಸ್ತಿದ್ರೇನ್ರಿ?" ಎಂದಳು. ಧ್ವನಿ ಏರಲಿಲ್ಲ. "ಅವಂಗ ತಂದು ಕೊಟ್ಟಾಂವ ಇನ್ನೂ ನಮ್ಮ ಬಸ್ ಸ್ಟಾಪಿನಾಗ ನಿಂದರತಾನ. ದಿನಾ ನೋಡತೀನಿ."

ಸೂಗಪ್ಪನವರು ಮತ್ತೆ ತಲೆಯಾಡಿಸಿದರು. ಇದೂ ನಿಜವೇ. ಒಂದೇ ತಲೆ ಎರಡಕ್ಕೂ ಆಡಿದ್ದು ಅವರಿಗೇ ಗಾಬರಿ ಹುಟ್ಟಿಸಿತು.

ಕೈಯೆತ್ತಿಸಿದಾಗ ಗೊತ್ತುವಳಿ ಭಾರೀ ಬಹುಮತದಿಂದ ಪಾಸಾಯಿತು. ಹಣಮಂತರಾಯರು ಕಾಗದ ಮುಂದಿಟ್ಟು ಪೆನ್ನು ಕೊಟ್ಟರು. "ಮೊದಲ ಸಹಿ ನಿಮ್ದು."

ಸೂಗಪ್ಪನವರು ಪೆನ್ನಿನ ಕ್ಯಾಪ್ ತೆಗೆದು ಓದಿದರು. 'ಮಾರುವವರನ್ನು' ಎಂಬ ಪದದ ಹತ್ತಿರ ಕಣ್ಣು ನಿಂತಿತು.

"ಇದರಾಗ ಯಾರ್ಯಾರು ಬರತಾರ?"

"ಎಲ್ಲಾರೂ. ಮಾರಿದಾಂವ ಅಂದ್ರ ಮಾರಿದಾಂವ."

"ಚಿಟಿಕಿ ಕೊಟ್ಟಾಕಿನೂ?"

"ಯಾರ್ರಿ ಆಕಿ?"

ಸೂಗಪ್ಪನವರು ಕ್ಯಾಪ್ ಹಾಕಿ ಪೆನ್ನು ಹಿಂದಿರುಗಿಸಿದರು. "ಎರಡು ದಿನಾ ಟೈಮ್ ಕೊಡ್ರಿ. ಒಬ್ಬರನ್ನ ಕೇಳಬೇಕಾಗೇತಿ."

ಶಾರದಾಬಾಯಿ ಈಗ ದಿಲ್‌ಸುಖ್‌ನಗರದಲ್ಲಿದ್ದಾಳೆ ಎಂದು ಹಳೆಯ ಜವಾನನೊಬ್ಬ ಹೇಳಿದ್ದ. ಮರುದಿನ ಬೆಳಗ್ಗೆ ಎರಡು ಬಸ್ಸು ಬದಲಾಯಿಸಿ ಹೋದರು. ಕೋಚಿಂಗ್ ಸೆಂಟರಿನ ಹಿಂದಿನ ಓಣಿಯಲ್ಲಿ ಅವಳು ಜೋಳದ ರೊಟ್ಟಿ ಬಡಿದು ಮಾರುತ್ತಿದ್ದಳು. ನೋಡಿದ ತಕ್ಷಣ ಗುರುತಿಸಿದಳು. ಬೈಯುತ್ತಾಳೆ ಎಂದುಕೊಂಡಿದ್ದರು. ಸ್ಟೂಲು ಒರೆಸಿ ಮುಂದೆ ತಳ್ಳಿದಳು. ಅದು ಬೈಗುಳಕ್ಕಿಂತ ಕಷ್ಟವಾಯಿತು.

ಗೊತ್ತುವಳಿಯ ವಿಷಯವೆಲ್ಲ ಹೇಳಿದರು. "ನೀ ಏನಂತೀ? ಅಂಗಡಿ ಮತ್ತ ತೆರೀಬೇಕೇನು, ಗಲ್ಲಿಗೆ ಹಾಕಬೇಕೇನು?"

ತೆರೆಯಬೇಕು ಎನ್ನುತ್ತಾಳೆ, ಆಗ ತಾನು ಸಹಿ ಹಾಕದೆ ನಿಶ್ಚಿಂತನಾಗಬಹುದು ಎಂದು ಅವರ ಲೆಕ್ಕವಿತ್ತು. ಶಾರದಾಬಾಯಿ ರೊಟ್ಟಿ ತಿರುವಿ ಹಾಕಿ ಹೇಳಿದಳು:

"ಅಂಗಡಿ ಮುಚ್ಚಿದ್ದು ಚಲೋನೇ ಆತು ಸಾಬ್ರ. ತೂಗತಿದ್ದೆ, ಕೊಡತಿದ್ದೆ. ಒಯ್ದಾವ್ರ ಮನ್ಯಾಗ ಏನಾಗತಿತ್ತು ಅಂತ ಒಂದಿನಾನೂ ನೋಡಲಿಲ್ಲ. ಈ ರೊಟ್ಟಿ ಒಯ್ದಾವ್ರು ನಾಳಿ ಬಂದು 'ಬಾಯಿ, ಚಲೋ ಇತ್ತು' ಅಂತಾರ. ಅಲ್ಲಿ ಯಾರೂ ಹಂಗ ಅಂದಿರಲಿಲ್ಲ."

"ಮತ್ತ ಬಂದ್ ಮಾಡಿದ್ದು ಖರೇನೇ ಅಂತೀ?"

"ಖರೇನ. ಆದ್ರ ನನ್ನ ಜೇಲಿಗೆ ಯಾಕ ಹಾಕಿದ್ರಿ?"

ಅವಳು ಜಗಳ ತೆಗೆದಿರಲಿಲ್ಲ. ನಿಜಕ್ಕೂ ತಿಳಿದುಕೊಳ್ಳಲು ಕೇಳಿದಂತಿತ್ತು. ಸೂಗಪ್ಪನವರು ಹೂವು ಇತ್ತು ಎಂದು ಹೇಳಹೊರಟು ನಿಲ್ಲಿಸಿದರು. ಹೂವು ಇದ್ದದ್ದು ಅವಳಿಗೂ ಗೊತ್ತಿತ್ತು.

"ನಾ ಎಲಿ ಅಂದಿದ್ರ?" ಎಂದರು ಸಣ್ಣಗೆ.

"ನೀವು ಹಂಗನ್ನೂ ಮನುಷ್ಯಾ ಅಲ್ರಿ. ನನ್ನ ತಕ್ಕಡಿ ನಂಬಿದ್ರಲ್ಲ, ಹಂಗ ನಾ ನಿಮ್ಮ ಮಾತು ನಂಬಿದ್ದೆ. ಅದಕ್ಕ ಸಿಟ್ಟಿಲ್ಲ." ಹಿಟ್ಟಿನ ಕೈಯಿಂದಲೇ ಹಣೆಯ ಬೆವರು ಒರೆಸಿಕೊಂಡಳು. "ಸಿಟ್ಟು ಯಾರ ಮ್ಯಾಲ ಮಾಡಬೇಕಂತ ಗೊತ್ತಾಗವಲ್ದು, ಅಷ್ಟ."

ಬಿಸಿ ರೊಟ್ಟಿಯ ಮೇಲೆ ಶೇಂಗಾ ಚಟ್ನಿಪುಡಿ ಹಾಕಿ ಕೊಟ್ಟಳು. ತಿಂದರು. ಬಸ್ಸಿನಲ್ಲಿ ಕುಳಿತ ಮೇಲೆ, ಅವಳ ಮಾತು ಯಾವ ಪಕ್ಷದ್ದು ಎಂದು ಕೂಡಿಸಿ ಕಳೆದು ನೋಡಿದರು. ನರಸಿಂಹನ ಪಕ್ಷವಲ್ಲ. ಹಣಮಂತರಾಯರದೂ ಅಲ್ಲ. ಕಮಲಾಕ್ಷಿಯದು ಎನ್ನೋಣವೆಂದರೆ, ಬಸ್ ಸ್ಟಾಪಿನಲ್ಲಿ ನಿಲ್ಲುವವನನ್ನೂ ಇವಳನ್ನೂ ಒಂದೇ ಹಗ್ಗಕ್ಕೆ ಹೇಗೆ ಕಟ್ಟುವುದು? ಯೋಚಿಸುತ್ತ ತಮ್ಮ ಸ್ಟಾಪು ದಾಟಿ ಎರಡು ಸ್ಟಾಪು ಮುಂದೆ ಹೋದರು. ಉರಿಬಿಸಿಲಲ್ಲಿ ನಡೆದು ಹಿಂದಿರುಗಿದರು.

ಹಣಮಂತರಾಯರು ಸಂಜೆಗೆ ಬಂದಾಗ ಸೂಗಪ್ಪನವರು "ನಾ ಸಹಿ ಹಾಕಂಗಿಲ್ರಿ" ಎಂದರು.

"ಹಂಗಾದ್ರ ನೀವೂ ನರಸಿಂಹನ ಕಡೆ?"

"ಅವನ ಕಡೆನೂ ಇಲ್ಲ."

"ಒಂದು ಕಡೆ ಇರಬೇಕಲ್ರಿ, ಇದು ದೇಶದ ವಿಷಯ."

"ಇರಬೇಕು, ಖರೆ" ಎಂದು ಸೂಗಪ್ಪನವರು ಒಪ್ಪಿಕೊಂಡರು. ಆದರೆ ಸಹಿ ಹಾಕಲಿಲ್ಲ. ಗೊತ್ತುವಳಿ ಮೂವತ್ತೊಂದು ಸಹಿಗಳೊಂದಿಗೆ ಹೋಯಿತು. ಕಮಲಾಕ್ಷಿಯದೇ ಮೊದಲನೆಯದು. ಕೆಲವು ದಿನ ಬೀದಿಯಲ್ಲಿ ಎದುರಾದಾಗ ಅವಳು ಮುಖ ತಿರುಗಿಸಿದಳು. ಸೂಗಪ್ಪನವರಿಗೆ ಅದು ಅನ್ಯಾಯವೆಂದು ಅನ್ನಿಸಲಿಲ್ಲ.

ಒಂದು ವಾರದ ಮೇಲೆ ತಾವೇ ಸಂಸದರಿಗೆ ಒಂದು ಪತ್ರ ಬರೆದರು. ಉಷಾ ಅದನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿಕೊಟ್ಟಳು. ಪತ್ರದಲ್ಲಿ ಬೇಡಿಕೆಯೇನೂ ಇರಲಿಲ್ಲ. ನಾನು ಇಂಥ ಇಲಾಖೆಯಲ್ಲಿದ್ದೆ, ಇಂಥವಳಿಗೆ ಪರವಾನಗಿ ಬರೆದುಕೊಟ್ಟೆ, ಇಂಥ ದಿನ ಬೀಗ ಹಾಕಿದೆ, ಇಂಥ ದಿನ ನನ್ನ ಮಾತಿನಿಂದ ಅವಳು ಸೆರೆಮನೆಗೆ ಹೋದಳು, ನಮ್ಮ ನೆರೆಯ ಒಬ್ಬನು ಇಂಥ ಪುಡಿಯಿಂದ ಸತ್ತ. ಇಷ್ಟನ್ನೂ ಒಂದೇ ಕಾನೂನಿನಲ್ಲಿ ಹೇಗೆ ಅಳೆಯುತ್ತೀರಿ, ದಯವಿಟ್ಟು ತಿಳಿಸಿ ಎಂದಿತ್ತು.

ಚುನಾವಣೆಗೆ ಮೊದಲು ಉತ್ತರ ಬಂತು. ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದ ಎರಡು ಸಾಲು. ನಿಮ್ಮ ಅಮೂಲ್ಯ ಸಲಹೆಯನ್ನು ಸಂಬಂಧಪಟ್ಟವರ ಗಮನಕ್ಕೆ ತರಲಾಗಿದೆ, ಧನ್ಯವಾದಗಳು.

ಉಷಾ ಓದಿ ತಾಯಿಗೆ ಅರ್ಥ ಹೇಳಿದಳು. ಶಿವದೇವಿ ಸೊಪ್ಪು ಸೋಸುತ್ತ ಕುಳಿತಿದ್ದವಳು ತಲೆಯೆತ್ತಿ ಸಂತೋಷದಿಂದ ಕೇಳಿದಳು: "ಭಾಳ ಚಲೋ ಆತಲ್ರಿ! ಏನ್ ಸಲಹಾ ಕೊಟ್ಟಿದ್ರಿ ಅವರಿಗೆ?"

ಸೂಗಪ್ಪನವರು ಮಗಳ ಕೈಯಿಂದ ಕಾಗದ ತೆಗೆದುಕೊಂಡು ಕನ್ನಡಕ ಹಾಕಿಕೊಂಡು ಮೇಲಿನಿಂದ ಕೆಳಗಿನವರೆಗೆ ನೋಡಿದರು.

"ಅದ ತಿಳಿವಲ್ದು" ಎಂದರು.